ಮಂಡ್ಯ ಸೀಮೆಯ ಚಾಕು ಮೀಮಾಂಸೆ

ಮಡಚಿ ಜೇಬಿಗಿಡುವ ಚಾಕುಗಳ ಮೇಲೆ ಯುರೋಪು, ಅಮೆರಿಕಗಳಲ್ಲಿ ಬೆಳೆದಿರುವ ಶಾಸ್ತ್ರ ಅಪಾರವಾದುದು. ಅಲಗಿನ ಉಕ್ಕು ಯಾವುದು, ಹಿಡಿಯ ಮರ ಯಾವುದು, ಒಂದೇ ಕೈಯಲ್ಲಿ ಬಿಚ್ಚಲಾದೀತೇ ಎಂಬ ವಾದಗಳ ಮುಂದೆ ನಮ್ಮ ಭಾಷ್ಯಕಾರರ ಜಗಳಗಳೂ ಸಪ್ಪೆ. ಆದರೆ ಇಷ್ಟು ವಿದ್ವತ್ತಿನಲ್ಲಿ ಒಂದು ಲೋಪ ಎದ್ದು ಕಾಣುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಈ ಚಾಕುಗಳ ಗತಿ ಏನಾದೀತು ಎಂದು ಯಾರೂ ಯೋಚಿಸಿದ ಹಾಗಿಲ್ಲ. ಮಳವಳ್ಳಿಯ ಮಾತಂತೂ ದೂರವೇ ಉಳಿಯಿತು. ಆ ಲೋಪವನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಮೀಮಾಂಸಕರು ಯಾವುದೇ ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಅಂಗಗಳನ್ನು ಹೇಳಿದ್ದಾರೆ. ಮಂಡ್ಯ ಸೀಮೆಯಲ್ಲಿ ಆರನೆಯದೊಂದುಂಟು, ಪಕ್ಕದಲ್ಲಿ ನಿಂತವನ ಅಭಿಪ್ರಾಯ. ಕೇಳದೆಯೇ ಸಿಗುವುದರಿಂದ ಅದನ್ನೂ ಪ್ರಮಾಣವೆಂದು ಇಲ್ಲಿ ಸ್ವೀಕರಿಸಲಾಗಿದೆ.

ವಿಷಯವೆಂದರೆ ಎರಡು ಚಾಕು. ಮೊದಲನೆಯದು ಒಪಿನೆಲ್. ಫ್ರಾನ್ಸಿನ ಆಲ್ಪ್ಸ್ ಬೆಟ್ಟಸೀಮೆಯ ಸವೋಯಿಯಲ್ಲಿ ಕುಲುಮೆ ಮನೆತನದ ಜೋಸೆಫ್ ಒಪಿನೆಲ್ ಎಂಬ ಹುಡುಗ 1890ರಲ್ಲಿ ಇದನ್ನು ಮಾಡಿದ. ಬೀಚ್ ಮರದ ಹಿಡಿ, ಒಂದೇ ಒಂದು ಅಲಗು, ಬೇರೆ ವೈಭವವಿಲ್ಲ. 1897ರಲ್ಲಿ ಅಳತೆಗೆ ತಕ್ಕಂತೆ ಒಂದರಿಂದ ಹನ್ನೆರಡರವರೆಗೆ ನಂಬರು ಬಿತ್ತು. ಅವುಗಳಲ್ಲಿ ಪ್ರಸಿದ್ಧವಾದುದು 8ನೇ ನಂಬರು: ಎಂಟೂವರೆ ಸೆಂಟಿಮೀಟರ್ ಅಲಗು, ಸುಮಾರು 45 ಗ್ರಾಂ ತೂಕ. ಕೆಲಸದ ನಡುವೆ ಅಲಗು ಮಡಚಿ ಬೆರಳಿಗೆ ಬರಬಾರದೆಂದು 1955ರಲ್ಲಿ ಮಾರ್ಸೆಲ್ ಒಪಿನೆಲ್ ಅದರ ಕುತ್ತಿಗೆಗೊಂದು ತಿರುಗುವ ಉಂಗುರ ತೊಡಿಸಿದ.

ಎರಡನೆಯದು ವಿಕ್ಟೋರಿನಾಕ್ಸ್, ಕೆಂಪು ಹಿಡಿಯ ಸ್ವಿಸ್ ಚಾಕು. ಕಾರ್ಲ್ ಎಲ್ಸೆನರ್ 1884ರಲ್ಲಿ ಸ್ವಿಟ್ಜರ್‌ಲೆಂಡಿನ ಈಬಾಖ್ ಎಂಬ ಊರಲ್ಲಿ ಚಾಕು ಮಾಡಲು ಕೂತ. 1891ರಿಂದ ಅಲ್ಲಿನ ಸೈನ್ಯಕ್ಕೆ ಸರಬರಾಜು ಶುರುವಾಯಿತು. ಸಿಪಾಯಿ ಡಬ್ಬಿ ಅನ್ನ ತೆರೆಯಬೇಕು, ಬಂದೂಕಿನ ತಿರುಪು ಬಿಚ್ಚಬೇಕು, ಅದಕ್ಕೆ ಬೇಕಾದುದು ಆ ಚಾಕುವಿನಲ್ಲಿತ್ತು. 1897ರಲ್ಲಿ ಅಧಿಕಾರಿಗಳಿಗೆಂದು ಹಗುರವಾದ ಇನ್ನೊಂದು ಬಂತು. ಅಧಿಕಾರಿ ಎಂದ ಮೇಲೆ ವೈನ್ ಇರಬೇಕಲ್ಲ, ಅದರಲ್ಲಿ ಬಿರಡೆ ಕೀಳುವ ಸುರುಳಿಯೂ ಸೇರಿತು. 1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಎಲ್ಸೆನರ್ ಕಂಪನಿಗೆ ಆಕೆಯ ಹೆಸರಿಟ್ಟ. ಮಂಡ್ಯದ ಆಟೋಗಳ ಬೆನ್ನು ಓದಿದವರಿಗೆ ಈ ಭಾವನೆ ಬಿಡಿಸಿ ಹೇಳಬೇಕಿಲ್ಲ.

ಸಂಶಯ: ಇವೆರಡರಲ್ಲಿ ಮಂಡ್ಯದವನ ಜೇಬಿಗೆ ಯಾವುದು ತಕ್ಕುದು?

ಇಲ್ಲಿ ಮೊದಲು ಜೇಬನ್ನೇ ವಿಚಾರಿಸಬೇಕಾಗುತ್ತದೆ. ಪಾಶ್ಚಾತ್ಯ ಶಾಸ್ತ್ರಕಾರರು ಪ್ಯಾಂಟಿನ ಜೇಬನ್ನು ಸ್ವಯಂಸಿದ್ಧವೆಂದು ಹಿಡಿದಿದ್ದಾರೆ. ನಮ್ಮ ಕಡೆಯ ಹಿರಿಯ ರೈತರ ಜೇಬು ಇರುವುದು ಪಟಾಪಟಿ ಚಡ್ಡಿಯಲ್ಲಿ, ಅದರ ಮೇಲೆ ಪಂಚೆ. ಚಾಕು ತೆಗೆಯಬೇಕಾದರೆ ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು ಇನ್ನೊಂದನ್ನು ಬೀಡಿ ಕಟ್ಟು, ಬೆಂಕಿಪೊಟ್ಟಣ, ಸುಣ್ಣದ ಡಬ್ಬಿಗಳ ನಡುವೆ ಇಳಿಸಬೇಕು. ಒಪಿನೆಲ್ ಬಿಚ್ಚಿ ಉಂಗುರ ತಿರುಗಿಸಲು ಎರಡು ಕೈ ಬೇಕು. ವಿಕ್ಟೋರಿನಾಕ್ಸ್‌ಗೂ ಎರಡು ಕೈ, ಜೊತೆಗೆ ಅಲಗಿನ ಸೀಳಿಗೆ ಸಿಕ್ಕಿಸಲು ಗಟ್ಟಿ ಉಗುರು. ಪಂಚೆಯನ್ನು ಯಾರು ಹಿಡಿಯಬೇಕು ಎಂಬ ಪ್ರಶ್ನೆಗೆ ಸವೋಯಿಯಲ್ಲಾಗಲಿ ಈಬಾಖ್‌ನಲ್ಲಾಗಲಿ ಉತ್ತರವಿಲ್ಲ.

ಇನ್ನು ಪರೀಕ್ಷೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮದ್ದೂರಿನಲ್ಲಿರುವ ಎಳನೀರು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರು ಮಾಡಿದೆ; ಇಲ್ಲಿಂದ ಮುಂಬೈ, ದೆಹಲಿಗೆ ಲಾರಿಗಟ್ಟಲೆ ಕಾಯಿ ಹೋಗುತ್ತದೆ. ಪೂರ್ವಪಕ್ಷದವರ ವಾದ ಇಷ್ಟು: ಕೊಯ್ಯುವುದು ಅಂಚಿನ ಧರ್ಮ, ಅಂಚು ತೆಳುವಾದಷ್ಟೂ ಕೊಯ್ತ ಸಲೀಸು, ಒಪಿನೆಲ್ ಅಲಗು ತೀರ ತೆಳು, ಆದಕಾರಣ ಅದು ಎಳನೀರನ್ನೂ ಕೊಯ್ಯಬಲ್ಲುದು. ಇದಕ್ಕೆ ಉತ್ತರ ನ್ಯೂಟನ್‌ನ ಲೋಕದಿಂದ ಬರುತ್ತದೆ. ಎಳನೀರಿನ ಮಟ್ಟೆ ನಾರಿನ ಕೋಟೆ, ಅದು ಸೋಲುವುದು ಏಟಿಗೆ. ಏಟಿನ ಬಲ ನಿಂತಿರುವುದು ತೂಕ ಮತ್ತು ವೇಗದ ಮೇಲೆ. ಹಳ್ಳಿಯ ಕುಲುಮೆಯಲ್ಲಿ, ಎಷ್ಟೋ ಸಲ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನೇ ಕಾಯಿಸಿ ಬಡಿದು ಮಾಡಿದ ಮಚ್ಚಿಗೆ ಆ ತೂಕವಿದೆ. 45 ಗ್ರಾಮಿನ ಒಪಿನೆಲ್ ಆಗಲಿ ವಿಕ್ಟೋರಿನಾಕ್ಸ್‌ನ ಸ್ಪಾರ್ಟನ್ ಎಂಬ 60 ಗ್ರಾಮಿನ ಮಾದರಿಯಾಗಲಿ ಎಷ್ಟೇ ಬೀಸಿದರೂ ಕಾಯಿಗೆ ಕಚಗುಳಿ ಇಟ್ಟಂತೆ. ಅದರಲ್ಲೂ ಸ್ಪಾರ್ಟನ್‌ಗೆ ಬೀಗವಿಲ್ಲ, ಏಟಿಗೆ ಅದು ಹಿಂದಕ್ಕೆ ಮಡಚಿಕೊಂಡರೆ ಮಟ್ಟೆಯ ಬದಲು ಬೆರಳು ಹೋಗುತ್ತದೆ.

ಮಚ್ಚಿನ ಕೆಲಸವನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಎಡ ಅಂಗೈ ಮೇಲೆ ಕಾಯಿ ಕೂರುತ್ತದೆ. ‘ಗಂಜಿ ಬೇಕಾ ಸಾ, ನೀರ್ ಬೇಕಾ?’ ಎಂದು ಕೇಳಿ ಉತ್ತರ ಬರುವಷ್ಟರಲ್ಲಿ ಮೂರು ನಾಲ್ಕು ಏಟಿಗೆ ತಲೆ ಚೊಕ್ಕವಾಗಿರುತ್ತದೆ. ಅದೇ ಮಚ್ಚಿನ ತುದಿಯಿಂದ ತೂತು. ನೀರು ಕುಡಿದು ಕೊಟ್ಟರೆ ಒಂದೇ ಏಟಿಗೆ ಎರಡು ಹೋಳು. ಕೊನೆಗೆ ಮಟ್ಟೆಯ ಪಕ್ಕದಿಂದ ಒಂದು ಚೂರು ಕೆತ್ತಿ ಗಂಜಿ ತಿನ್ನಲು ಕೊಡುತ್ತಾರೆ. ಸ್ವಿಸ್ ಚಾಕುಗಳಲ್ಲಿ ಅಲಗು, ಗರಗಸ, ಕತ್ತರಿ ಎಲ್ಲ ಉಂಟು. ಗಿರಾಕಿಗೆ ಅಲ್ಲೇ ಹೊಸ ಚಮಚ ಮಾಡಿ ಕೊಡುವ ಚಾಕು ಮದ್ದೂರಿನದೊಂದೇ. ಈ ಹಂತದಲ್ಲಿ ಆರನೆಯ ಅಂಗ ಸಹಜವಾಗಿ ಪ್ರವೇಶಿಸುತ್ತದೆ. ಕೆಂಪು ಚಾಕುವನ್ನು ತಿರುಗಿಸಿ ನೋಡುವ ಯಾವನಾದರೂ ಕೇಳಬಹುದಾದ ಪ್ರಶ್ನೆ: ‘ಇದೇನ್ ಸಾ, ಉಗ್ರು ತಗ್ಯಾದಾ?’ ಈ ಪ್ರಮಾಣವನ್ನು ಖಂಡಿಸುವುದು ಕಷ್ಟ.

ಮದ್ದೂರು ವಡೆಗೆ ಚಾಕು ಬೇಡ, ಕೈಯಲ್ಲೇ ಮುರಿಯುತ್ತದೆ. ಮುದ್ದೆಗಂತೂ ಹಲ್ಲು ತಾಗಿಸುವುದೇ ಅಪಚಾರ.

ಮಂಡ್ಯದ ಪರೀಕ್ಷೆ ಬೇಗ ಮುಗಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ನಿಂತ ಮೇಲೆ ಇದು ಕಬ್ಬಿನ ಸೀಮೆ. ಕಬ್ಬಿನಲ್ಲಿ ಸಕ್ಕರೆ ಹೆಚ್ಚು ಸೇರುವುದು ಬುಡದ ಗೆಣ್ಣುಗಳಲ್ಲಿ, ಹಾಗಾಗಿ ನೆಲಕ್ಕೆ ಸಮವಾಗಿ ಕಡಿಯಬೇಕು. ಎಂಟೂವರೆ ಸೆಂಟಿಮೀಟರ್ ಅಲಗು ಹಿಡಿದು ಆ ಕೆಲಸಕ್ಕಿಳಿದವನು ಒಂದು ಎಕರೆ ಮುಗಿಸುವ ಹೊತ್ತಿಗೆ ಮೊದಲು ಕಡಿದ ಸಾಲು ಕೂಳೆ ಬೆಳೆಯಾಗಿ ಎದ್ದಿರುತ್ತದೆ. ನೀರು ಕಟ್ಟಿದ ಗದ್ದೆಯಲ್ಲಿ ಒಪಿನೆಲ್‌ಗೆ ಇನ್ನೊಂದು ರೋಗವುಂಟು. ಮರದ ಹಿಡಿ ತೇವ ಕುಡಿದು ಉಬ್ಬುತ್ತದೆ, ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಸವೋಯಿಯವರು ಹಿಡಿಯ ಬಾಲವನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಡಿಸುತ್ತಾರಂತೆ. ಗದ್ದೆ ಬದುವಿನ ಮೇಲೆ ಮೇಜು ಎಲ್ಲಿಂದ ತರುವುದು? ಕಬ್ಬು ಸುಲಿದು ತಿನ್ನಲಿಕ್ಕಾದರೂ ಬೇಕಲ್ಲ ಎನ್ನುವವರಿಗೆ ಸಮಾಧಾನ ಹೀಗೆ: ಹಲ್ಲಿರುವ ತನಕ ಚಾಕು ಬೇಕಿಲ್ಲ, ಹಲ್ಲು ಹೋದ ಮೇಲೆ ಕಬ್ಬೇ ಬೇಕಿಲ್ಲ.

ನಿಜವಾಗಿ ಮಡಚುವ, ಜೊತೆಯಲ್ಲಿ ಒಯ್ಯುವ ಅಲಗು ಈ ಸೀಮೆಗೆ ಹೊಸದೂ ಅಲ್ಲ. ಎಲೆಅಡಿಕೆ ಸಂಚಿಯಲ್ಲಿ ಕೂತಿರುವ ಅಡಕತ್ತರಿಯನ್ನು ಚಾಕುಶಾಸ್ತ್ರಜ್ಞರು ಏಕೆ ಕಡೆಗಣಿಸಿದರೋ ತಿಳಿಯದು. ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಅಜ್ಜಿಯ ಮುಷ್ಟಿ, ನಡುವೆ ಅಡಿಕೆ. ಶಾಲೆಯ ವಿಜ್ಞಾನ ಪುಸ್ತಕ ಇದನ್ನು ಎರಡನೇ ವರ್ಗದ ಸನ್ನೆ ಎನ್ನುತ್ತದೆ. ಬೆರಳಿನ ಮೇಲೆ ತಾನಾಗಿ ಮಡಚಿಕೊಳ್ಳುವ ಭಯವಿಲ್ಲ, ಏಕೆಂದರೆ ಮಡಚಿಕೊಳ್ಳುವುದೇ ಅದರ ಕೆಲಸ. ಒಣಗಿದ ಗೋಟಡಿಕೆಯ ಮೇಲೆ ಒಪಿನೆಲ್ ಪ್ರಯೋಗಿಸಿದರೆ ಅಂಚಿನ ಚಕ್ಕೆ ಏಳುವ ಸಂಭವವೇ ಹೆಚ್ಚು.

ಕಾನೂನಿನ ಅಂಗವೂ ಒಂದಿದೆ. ಕೇಂದ್ರದ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗನ್ನು ಆಯುಧವೆಂದು ಎಣಿಸಿ, ಮನೆಗೆಲಸ ಮತ್ತು ಬೇಸಾಯಕ್ಕೆಂದು ಮಾಡಿದವನ್ನು ಹೊರಗಿಟ್ಟಿವೆ. ಆದ್ದರಿಂದ ಮಚ್ಚು ಎಳನೀರಿನ ಗಾಡಿಯ ಮೇಲಿರುವಷ್ಟು ಹೊತ್ತೂ ಸಾಧು. 1995ರ ‘ಓಂ’ ನಂತರ ಕನ್ನಡ ಸಿನಿಮಾ ಅದಕ್ಕೂ ಅದರಣ್ಣ ಲಾಂಗಿಗೂ ಬೇರೆ ಉದ್ಯೋಗ ಹುಡುಕಿಕೊಟ್ಟಿತು. ಪ್ರಬಂಧಕಾರನ ಅಭಿಪ್ರಾಯದಲ್ಲಿ ಮೂರು ದಶಕಗಳಿಂದ ತೆರೆಯ ಮೇಲೆ ಮಚ್ಚು ಹಿಡಿದವರಲ್ಲಿ ಒಬ್ಬನಾದರೂ ಒಂದು ಎಳನೀರು ಕೆತ್ತಿ ತೋರಿಸಿದ್ದರೆ ನಂಬಬಹುದಿತ್ತು.

ಹಾಗಾದರೆ ಪರದೇಶಿ ಚಾಕುಗಳು ಪೂರ್ತಿ ನಿರರ್ಥಕವೇ? ಅಲ್ಲ. ಮಳವಳ್ಳಿಯಲ್ಲಿ ವಾದ ಮಗ್ಗುಲು ಬದಲಿಸುತ್ತದೆ. ಆ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಗಿಡ್ಡ ಕಾಲಿನ ಕುರಿಯ ಮಾಂಸಕ್ಕೆ ನಾಡಿನಾದ್ಯಂತ ಮರ್ಯಾದೆ. ಬಾಡೂಟದ ಪ್ರತಿಷ್ಠೆ ಈ ಜಿಲ್ಲೆಯಲ್ಲಿ ಎಷ್ಟೆಂದರೆ, 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಮುಂಚೆ ಗೋಷ್ಠಿಗಳ ವಿಷಯಕ್ಕಿಂತ ಊಟದ ವಿಷಯಕ್ಕೇ ಹೆಚ್ಚು ಚರ್ಚೆಯಾಯಿತು. ಬಾಡೂಟವಾದ ಮೇಲೆ ದವಡೆಯ ಸಂದಿಯಲ್ಲಿ ಸಿಕ್ಕಿದ ಎಳೆ ಯಾವ ಮಚ್ಚಿಗೂ ಅಡಕತ್ತರಿಗೂ ಬಗ್ಗುವುದಿಲ್ಲ. ಆಗ ಸ್ಪಾರ್ಟನ್‌ನ ಹಿಡಿಯಿಂದ ಹಲ್ಲುಕಡ್ಡಿ ಹೊರಬರುತ್ತದೆ! ಇನ್ನೊಂದು ಬದಿಯಲ್ಲಿ ಪುಟ್ಟ ಚಿಮಟ, ಜಾಲಿಮುಳ್ಳಿಗೆ ಹೇಳಿ ಮಾಡಿಸಿದ್ದು. ವೈನ್ ಇಲ್ಲದ ಮನೆಯಲ್ಲಿ ಬಿರಡೆಯ ಸುರುಳಿಯೂ ಹಸುವಿನ ಹಗ್ಗದ ಬಿಗಿ ಗಂಟು ಸಡಿಲಿಸಲು ಒದಗುತ್ತದೆ.

ಇಲ್ಲೂ ಒಂದು ಐತಿಹಾಸಿಕ ಆಕ್ಷೇಪವಿದೆ. ಹಿಂದಿನ ರೈತರು ಉಡಿದಾರಕ್ಕೋ ಸಂಚಿಯ ದಾರಕ್ಕೋ ಚಿಮಟ, ಮುಳ್ಳು ಕೀಳುವ ಕಡ್ಡಿ, ಕಿವಿಯ ಗುಗ್ಗೆ ತೆಗೆಯುವ ಪುಟ್ಟ ಚಮಚ, ಮೂರನ್ನೂ ಒಂದೇ ಬಳೆಗೆ ಪೋಣಿಸಿ ಕಟ್ಟಿಕೊಳ್ಳುತ್ತಿದ್ದರು. ವಿಕ್ಟೋರಿನಾಕ್ಸ್‌ನವರು ಇವುಗಳಲ್ಲಿ ಮೊದಲ ಎರಡಕ್ಕೆ ಹೇಗೋ ವ್ಯವಸ್ಥೆ ಮಾಡಿ ಮೂರನೆಯದನ್ನು ಬಿಟ್ಟುಬಿಟ್ಟಿದ್ದಾರೆ.

ನಿರ್ಣಯ: ಮದ್ದೂರಿನಲ್ಲಿ ಎರಡೂ ಅನರ್ಹ. ಮಂಡ್ಯದಲ್ಲಿ ನಾಲೆಗೆ ನೀರು ನಿಲ್ಲಿಸಿದ ತಿಂಗಳುಗಳಲ್ಲಿ, ಸೀಬೆಹಣ್ಣು ಹೆಚ್ಚಲು ಮಾತ್ರ ಒಪಿನೆಲ್. ಮಳವಳ್ಳಿಯಲ್ಲಿ, ಊಟವಾದ ಬಳಿಕ, ವಿಕ್ಟೋರಿನಾಕ್ಸ್. ಖರೀದಿಸುವವರಿಗೆ ಒಂದು ಸೂಚನೆ: ಹಲ್ಲುಕಡ್ಡಿ ಬಿಡಿಯಾಗಿಯೂ ಸಿಗುತ್ತದೆ, ಎರಡು ಹೆಚ್ಚಿಗೆ ತರಿಸಿಡುವುದು ಕ್ಷೇಮ, ಬೀಗರೂಟದಲ್ಲಿ ‘ಒಸಿ ಕೊಡಣ್ಣ’ ಎಂದು ಇಸ್ಕೊಂಡವರು ತೊಳೆದು ವಾಪಸ್ ಕೊಡುತ್ತಾರೆಂಬುದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರ ಸಿಕ್ಕಿಲ್ಲ. ಕಿವಿಯ ಚಮಚದ ಬಾಬತ್ತು ಈಬಾಖ್‌ಗೆ ಮನವಿ ಸಲ್ಲಿಸಬೇಕಿದೆ. ಕರಡು ಸಿದ್ಧವಿದೆ, ಗುಗ್ಗೆಗೆ ಜರ್ಮನ್ ಭಾಷೆಯಲ್ಲಿ ಏನನ್ನುತ್ತಾರೆಂದು ತಿಳಿದವರು ಸಿಕ್ಕಿದ ಕೂಡಲೇ ರವಾನಿಸಲಾಗುವುದು.