ಆಯಿಸೂತ್ರ ಮೀಮಾಂಸೆ

೧. ಪೀಠಿಕೆ

ಕನ್ನಡದಲ್ಲಿ ಸೂತ್ರಸಾಹಿತ್ಯ ಕಡಿಮೆ ಎಂಬ ದೂರು ವಿದ್ವಾಂಸರ ನಡುವೆ ಆಗಾಗ ಏಳುವುದುಂಟು. ಇಂಥವರು ಧಾರವಾಡ ಸೀಮೆಯ ಯಾವುದಾದರೂ ಹಳೆಯ ಮನೆಯ ಹೊಸ್ತಿಲ ಮೇಲೆ ಒಮ್ಮೆ ಕೂತು ನೋಡಬೇಕು. ಕೂತ ಕ್ಷಣವೇ, "ಹೊಸ್ತಲದ ಮ್ಯಾಲ ಕುಂದ್ರಬ್ಯಾಡಲೇ ಖೋಡಿ" ಎಂಬ ಪ್ರಥಮ ಸೂತ್ರ ಒಳಗಿನಿಂದ ಹಾರಿ ಬರುತ್ತದೆ. ಸೂತ್ರಕಾರ್ತಿಯ ಹೆಸರು ಆಯಿ, ಅಂದರೆ ಅಪ್ಪನ ಅಥವಾ ಅವ್ವನ ತಾಯಿ. ಆಕೆಯ ಸೂತ್ರಗಳಿಗೆ ಭಾಷ್ಯಕಾರರು ಯಾರೂ ಇಲ್ಲ. ಏಕೆಂದರೆ ಅರ್ಥ ಕೇಳಿದವರಿಗೆ ಇನ್ನೊಂದು ಸೂತ್ರ ಬೀಳುತ್ತದೆ.

ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳಿದೆ. ನಮ್ಮ ಕಾಲುಗಳಿಗೆ ಅಷ್ಟು ಶಕ್ತಿಯಿಲ್ಲದ ಕಾರಣ ಈ ಪ್ರಬಂಧದ ವ್ಯಾಪ್ತಿಯನ್ನು ವರದೆಯಿಂದ ಮಲಪ್ರಭೆಯವರೆಗೆ ಇಳಿಸಲಾಗಿದೆ.

೨. ಪೂರ್ವಸೂರಿಗಳು

ಕನ್ನಡಗಳೊಳಗಿನ ದೇಸಿ ಎಷ್ಟು ಬಗೆಯೆಂದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂದು 9ನೇ ಶತಮಾನದ ಕವಿರಾಜಮಾರ್ಗವೇ ಒಪ್ಪಿಕೊಂಡಿದೆ. ವಾಸುಕಿಗೆ ಬೇಸರ ಬಂದ ಕೆಲಸವನ್ನು ಕಿಟೆಲ್ ಕೈಗೆತ್ತಿಕೊಂಡರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಪದಗಳ ಬೆನ್ನಿಗೆ ಗಾದೆಗಳೂ ಬಂದು ಕೂತಿವೆ. ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ಎ.ಕೆ. ರಾಮಾನುಜನ್ 1955ರಲ್ಲಿ ಗಾದೆಗಳ ಪುಸ್ತಕವನ್ನೇ ತಂದರು. ಇವರೆಲ್ಲರ ಮೇಲೂ ನಮಗೆ ಅಪಾರ ಗೌರವವಿದೆ. ಆದರೂ ಗಾದೆಸಂಗ್ರಹಗಳಿಗೆ ಒಂದು ಸಾಮಾನ್ಯ ಕೊರತೆ ಅಂಟಿಕೊಂಡೇ ಬಂದಿದೆ. ಗಾದೆ ಏನು, ಅದರ ಅರ್ಥವೇನು ಎಂಬುದು ಅಲ್ಲಿ ಸಿಗುತ್ತದೆ. ಅದು ಯಾರಿಗೆ ಬಿತ್ತು ಎಂಬುದು ಸಿಗುವುದಿಲ್ಲ. ಬಾಣದ ಉದ್ದ ಅಗಲ ಬರೆದಿಟ್ಟು, ಗಾಯಗೊಂಡವನ ಹೆಸರು ಬಿಟ್ಟಂತಾಗಿದೆ.

೩. 'ಅಂತ' ಎಂಬ ರಕ್ಷಾಕವಚ

ಆಯಿಸೂತ್ರಗಳಲ್ಲಿ ಬಹುಪಾಲು 'ಅಂತ' ಎಂದೇ ಮುಗಿಯುತ್ತವೆ: "ಎತ್ತು ಈದೈತಿ ಅಂದ್ರ ಕೊಟ್ಟಗ್ಯಾಗ ಕಟ್ಟು ಅಂದಿದ್ರಂತ." ಅಂದವರು ಯಾರು, ಯಾವ ಊರು, ಯಾರ ಎತ್ತು? ದಾಖಲೆಯಿಲ್ಲ. ಆಯಿ ತಾನು ಕೇಳಿದ್ದನ್ನು ದಾಟಿಸುತ್ತಿದ್ದಾಳೆ, ಅಷ್ಟೇ. ಈ ಒಂದು ಪ್ರತ್ಯಯದ ಬಲದಿಂದ ಆಕೆ 1860ರ ದಂಡಸಂಹಿತೆಯ 499ನೇ ಕಲಮಿಗೂ ಸಿಗಲಿಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 356ನೇ ಕಲಮಿಗೂ ಸಿಗುವುದಿಲ್ಲ. ಮಾನಹಾನಿ ಆಗಿರುತ್ತದೆ, ಮಾಡಿದವರು ಮಾತ್ರ ಇರುವುದಿಲ್ಲ.

೪. ಪ್ರಯೋಗಶಾಲೆಯಿಂದ

ಮುಂಜಾನೆಯ ಹೊತ್ತು. ಒಲೆಯ ಮೇಲೆ ಹಂಚು ಕಾದಿದೆ. ಸೊಸೆ ಬಡಿಯುತ್ತಿದ್ದ ಜೋಳದ ರೊಟ್ಟಿ ಅಂಚಿನಲ್ಲಿ ಬಿರಿಯಿತು. "ಈ ಸಲದ ಹಿಟ್ಟಿಗೆ ಜಿಗೀನ ಇಲ್ಲ" ಎಂದು ಆಕೆ ಯಾರಿಗೂ ಅಲ್ಲದಂತೆ ಅಂದಳು. ಗೋಡೆಗೊರಗಿ ಬಳ್ಳೊಳ್ಳಿ ಸುಲಿಯುತ್ತಿದ್ದ ಆಯಿ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಮುದುಡಿ ಮಲಗಿದ್ದ ಬೆಕ್ಕಿಗೆ ಹೇಳಿದಳು: "ಕೇಳಿದೇನ? ಕುಣ್ಯಾಕ ಬರಲಾರದಾಕಿ ಅಂಗಳಾ ಡೊಂಕ ಅಂದಿದ್ಲಂತ."

ಆ ಬೆಕ್ಕಿಗೆ ಕುಣಿತದಲ್ಲಿ ಆಸಕ್ತಿ ಇದ್ದುದಕ್ಕೆ ಆಧಾರಗಳಿಲ್ಲ. ಆದರೆ ಮುಂದಿನ ರೊಟ್ಟಿ ಬಡಿದ ಸಪ್ಪಳ ಓಣಿಯ ತುದಿಯವರೆಗೂ ಕೇಳಿಸಿತು. ಶಾಸ್ತ್ರದಲ್ಲಿ ಇದಕ್ಕೆ ನಿಶ್ಶಬ್ದ ಪ್ರತ್ಯುತ್ತರವೆಂದು ಹೆಸರು. ರೊಟ್ಟಿಯ ಮೇಲೆ ನೀರು ಸವರುತ್ತ ಸೊಸೆಯೂ ಬೆಕ್ಕಿನ ಕಡೆಗೇ ತಿರುಗಿದಳು: "ಅತ್ತಿಗೊಂದ ಕಾಲ, ಸೊಸಿಗೊಂದ ಕಾಲ." ಬೆಕ್ಕು ಎದ್ದು ಮೈಮುರಿದು ಹಿತ್ತಲಿಗೆ ಹೋಯಿತು. ಎರಡೂ ಕಡೆಯ ಮಾತು ಕೇಳಿ ಏನೂ ಅನ್ನದೆ ಹೊರಬೀಳುವ ಈ ವಿದ್ಯೆಯನ್ನು ಮನೆಯ ಗಂಡಸರು ಬೆಕ್ಕಿನಿಂದಲೇ ಕಲಿತಿರಬೇಕು.

೫. ಪಾಠಾಂತರ ವಿಚಾರ

ಅವಸರಕ್ಕೆ ಬೀಳುವ ಸೂತ್ರ ಮೈಸೂರು ಸೀಮೆಯ ಪ್ರತಿಯಲ್ಲಿ ಹೀಗಿದೆ: ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರು. ಧಾರವಾಡದ ಪ್ರತಿಯಲ್ಲಿ ಕುಲಾವಿಯ ಜಾಗದಲ್ಲಿ ಕುಂಚಿಗಿ ಇದೆ. ಕುಲಾವಿ ತಲೆಗಷ್ಟೇ ಸಾಕು. ಕುಂಚಿಗಿ ತಲೆ ಮುಚ್ಚಿ ಬೆನ್ನಿನ ಮೇಲೂ ಇಳಿಬೀಳುತ್ತದೆ. ಆದ್ದರಿಂದ ಧಾರವಾಡದ ಪಾಠದಲ್ಲಿ ಬಟ್ಟೆ ಹೆಚ್ಚು, ದರ್ಜಿಯ ಕೂಲಿ ಹೆಚ್ಚು, ಅವಮಾನವೂ ಅದೇ ಪ್ರಮಾಣದಲ್ಲಿ ಹೆಚ್ಚು. ಮೂಲಪಾಠ ಯಾವುದೆಂಬ ಪ್ರಶ್ನೆಯನ್ನು ಉಭಯ ಸೀಮೆಯ ಬೀಗರು ಸೇರಿದ ಮದುವೆಮನೆಯಲ್ಲಿ ಎತ್ತಬಾರದು.

೬. ವಿರೋಧಪರಿಹಾರ

ಪೂರ್ವಪಕ್ಷ: ಆಯಿಯ ಸೂತ್ರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮುಂಜಾನೆ "ಮಾತು ಬೆಳ್ಳಿ, ಮೌನ ಬಂಗಾರ" ಎಂದವಳು ಸಂಜೆಗೆ "ಬಾಯಿ ಇದ್ದಾಂವ ಬರಗಾಲದಾಗೂ ಬದುಕಿದ" ಅನ್ನುತ್ತಾಳೆ. ಯಾವುದು ಪ್ರಮಾಣ?

ಸಿದ್ಧಾಂತ: ಎರಡೂ. ಮೊದಲನೆಯದು ನೆರೆಮನೆಯ ಜಗಳದ ವರದಿಯನ್ನು ಅಂಗಳದಲ್ಲಿ ನಿಂತು ಒಪ್ಪಿಸುತ್ತಿದ್ದ ಮೊಮ್ಮಗಳಿಗೆ ಬಿದ್ದದ್ದು. ಎರಡನೆಯದು ಸಂತೆಯಲ್ಲಿ ಚೌಕಾಸಿ ಮಾಡದೆ, ಕೇಳಿದಷ್ಟು ರೊಕ್ಕ ಎಣಿಸಿಕೊಟ್ಟು ಬಂದ ಮಗನಿಗೆ. ಬಿದ್ದವರನ್ನು ಬಿಟ್ಟು ಬರೀ ಮಾತನ್ನು ಹಿಡಿದರೆ ವಿರೋಧ ಕಾಣುತ್ತದೆ. ಬಿದ್ದವರನ್ನೂ ಕೂಡಿಸಿ ಓದಿದರೆ ಆಯಿ ದಿನವಿಡೀ ಒಂದೇ ಮಾತಿಗೆ ನಿಂತಿದ್ದಾಳೆ: ಈ ಮನೆಯಲ್ಲಿ ಯಾರಿಗೂ ಬುದ್ಧಿಯಿಲ್ಲ.

೭. ಮಳೆಶಾಸ್ತ್ರ, ಅರ್ಥಶಾಸ್ತ್ರ

ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು 13–14 ದಿನ ಇರುತ್ತಾನೆ. ಮಳೆಯ ಹೆಸರು ಆ ನಕ್ಷತ್ರದ್ದೇ. "ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ" ಎಂಬ ಸೂತ್ರವನ್ನು ಹವಾಮಾನ ಮುನ್ಸೂಚನೆ ಎಂದು ಬಗೆದ ಸಂಶೋಧಕರಿದ್ದಾರೆ. ಇಲಾಖೆಯವರು ಜಿಲ್ಲಾವಾರು ಹೇಳುವುದನ್ನು ಆಯಿ ಓಣಿವಾರು ಹೇಳಿದ್ದಾಳೆಂದು ಮೆಚ್ಚಿಕೊಂಡವರೂ ಇದ್ದಾರೆ. ಆದರೆ ಮೇ ಕೊನೆಯ ವಾರ ಆಕೆ ಅದನ್ನು ಆಡಿದ್ದು ಆಕಾಶ ನೋಡಿ ಅಲ್ಲ. ಕೂರಿಗೆಯ ರಿಪೇರಿ ಮಾಡಿಸದೆ ಕಟ್ಟೆಯ ಮೇಲೆ ಎಲೆಅಡಿಕೆ ಹಾಕುತ್ತ ಕೂತಿದ್ದ ಮುತ್ಯಾನನ್ನು, ಅಂದರೆ ಅಜ್ಜನನ್ನು, ನೋಡಿ. ಸೂತ್ರ ಬಿದ್ದ ಮಧ್ಯಾಹ್ನವೇ ಕೂರಿಗೆ ಬಡಿಗೇರನ ಮನೆ ಸೇರಿತು.

ಅರ್ಥಶಾಸ್ತ್ರದಲ್ಲೂ ಆಯಿಯದು ಸ್ವತಂತ್ರ ಪ್ರಸ್ಥಾನ. ಮನೆಯಲ್ಲಿ ಅಕ್ಕಿ ತೀರಿದರೆ ತೀರಿತು ಅನ್ನುವಂತಿಲ್ಲ, "ಅಕ್ಕಿ ಹೆಚ್ಚಾಗ್ಯಾವ" ಅನ್ನಬೇಕು. ದೀಪ ಆರಿಸು ಅನ್ನುವಂತಿಲ್ಲ, "ದೊಡ್ಡದು ಮಾಡು" ಅನ್ನಬೇಕು. ಕೊರತೆಯನ್ನು ಹೆಚ್ಚಳವೆಂದು ತೋರಿಸುವ ಈ ಲೆಕ್ಕ ಬಜೆಟ್ ಭಾಷಣಗಳಿಗಿಂತ ಬಹಳ ಹಳೆಯದು. ಬಜೆಟ್ ಕೇಳಿದವರು ಚಪ್ಪಾಳೆ ತಟ್ಟಿ ಸುಮ್ಮನಾಗುತ್ತಾರೆ. ಅಕ್ಕಿ ಹೆಚ್ಚಾದ ಸುದ್ದಿ ಕಿವಿಗೆ ಬಿದ್ದವನು ಚೀಲ ಹಿಡಿದು ಅಂಗಡಿಗೆ ನಡೆಯುತ್ತಾನೆ. ಇದಿಷ್ಟೇ ವ್ಯತ್ಯಾಸ.

೮. ಉಪಸಂಹಾರ

ಆದುದರಿಂದ ಸಿದ್ಧವಾದದ್ದು: ಆಯಿಸೂತ್ರದ ಅರ್ಥ ಅದರ ಮಾತಿನಲ್ಲಿಲ್ಲ, ಅದನ್ನು ಕೇಳಿ ಯಾರ ಮುಖ ಸಣ್ಣದಾಯಿತೋ ಅಲ್ಲಿದೆ. ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ಅಚ್ಚಾಗಿ ದಿನಾ ಬೆಳಿಗ್ಗೆ ಬರುವ ಗಾದೆ ಯಾರ ಮುಖವನ್ನೂ ಸಣ್ಣದು ಮಾಡುವುದಿಲ್ಲ. ಆದ್ದರಿಂದ ಅದು ಗಾದೆಯೇ ಅಲ್ಲ, ಶುಭಾಶಯ. ಮನೆಯಲ್ಲಿ ಹಿರಿಯರಿದ್ದು, ಅವರ ಮಾತುಗಳನ್ನು ಬರೆದಿಡಲು ಹೊರಟ ಓದುಗರಲ್ಲಿ ನಮ್ಮದೊಂದು ವಿನಂತಿ. ಪ್ರತಿ ಗಾದೆಯ ಪಕ್ಕದಲ್ಲಿ ಅದು ಯಾರಿಗೆ, ಯಾವಾಗ, ಯಾವ ತಪ್ಪಿಗೆ ಬಿತ್ತು ಎಂಬುದನ್ನೂ ಬರೆಯಿರಿ. ನಿಮಗೇ ಬಿದ್ದವನ್ನು ಬಿಟ್ಟುಬಿಡಬೇಡಿ. ಬಿಟ್ಟರೆ ಪುಸ್ತಕ ತೀರಾ ತೆಳುವಾಗುತ್ತದೆ.