ಮೊದಲೇ ಗೊತ್ತಿದ್ದ ರಾಯರು

ನಮ್ಮ ಬೀದಿಯ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಹಿಡಿದ ಉದ್ಯೋಗ ಒಂದೇ. ಊರೆಲ್ಲ ಹೊಗಳುವ ಸೈಕಲಾಜಿಕಲ್ ಥ್ರಿಲ್ಲರನ್ನು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಿಂದ ತರುವುದು, ಎರಡು ದಿನದಲ್ಲಿ ಓದುವುದು, ಮೂರನೇ ದಿನ ಹಾಲಿನ ಬೂತಿನ ಮುಂದೆ ನಿಂತು ನಿರಾಶರಾಗುವುದು.

"ಏನೂ ಇಲ್ಲ ಕಣ್ರೀ. ನಲವತ್ತನೇ ಪುಟಕ್ಕೇ ಗೊತ್ತಾಗ್ಹೋಯ್ತು."

ಎಲ್ಲ ಪುಸ್ತಕಕ್ಕೂ ಅದೇ ನಲವತ್ತನೇ ಪುಟ. 'ದಿ ಗರ್ಲ್ ಆನ್ ದಿ ಟ್ರೇನ್' ಓದಿದಾಗಲೂ ಅಷ್ಟೇ. ಕುಡಿದು ಮೈಮರೆತ ಹೆಂಗಸು ಕಥೆ ಹೇಳುತ್ತಾಳೆ ಎಂದರೆ ಅವರಿಗೆ ಮೈ ಉರಿ. "ಸಹಿ ಹೊಂದದ ಚೆಕ್ಕು ಅದು. ಕೌಂಟರಿನಲ್ಲೇ ವಾಪಸ್ ಕಳಿಸಬೇಕು!"

ಮೊನ್ನೆ ಸರದಿ ಬಂದದ್ದು 2019ರ 'ದಿ ಸೈಲೆಂಟ್ ಪೇಷೆಂಟ್'ಗೆ. ಅಲೆಕ್ಸ್ ಮೈಕೇಲಿಡಿಸ್‌ನ ಮೊದಲ ಕಾದಂಬರಿ. ಚಿತ್ರ ಬರೆಯುವ ಅಲಿಸಿಯಾ ಗಂಡನ ಮುಖಕ್ಕೆ ಐದು ಗುಂಡು ಹೊಡೆದು, ಆಮೇಲೆ ಒಂದಕ್ಷರವೂ ಆಡುವುದಿಲ್ಲ. ಅವಳ ಬಾಯಿ ಬಿಡಿಸಲು ಬರುವ ಮನೋಚಿಕಿತ್ಸಕ ನಮಗೆ ಕಥೆ ಹೇಳುತ್ತಾನೆ.

"ರೋಗಿಯ ನೆಂಟರ ಮನೆಮನೆಗೆ ಹೋಗಿ ವಿಚಾರಿಸೋ ಡಾಕ್ಟರನ್ನ ಎಲ್ಲಾದರೂ ಕಂಡಿದ್ದೀರಾ? ನಮ್ಮ ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹೋದ ಅಂದ್ರೆ ಒಪ್ಪೋಣ, ಅದು ಅವನ ಕಸುಬು. ಇವನಿಗೇನು ಬಂತು? ಕಥೆ ಹೇಳೋವನನ್ನೇ ಇಟ್ಕೊಂಡು ಆಡೋ ಇಂಥ ಕೈಚಳಕಾನ ಅಗಾಥಾ ಕ್ರಿಸ್ಟಿ 1926ರಲ್ಲೇ ಮಾಡಿ ಮುಗಿಸಿದ್ಲು."

ಅವರು ಹೇಳಿದ್ದು 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬಗ್ಗೆ. ಇಷ್ಟು ಹೇಳಿದರೆ ಎರಡೂ ಪುಸ್ತಕದ ಗುಟ್ಟು ಅರ್ಧ ರಟ್ಟಾಯಿತು ಎಂಬುದು ರಾಯರ ತಲೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬಿಡುತ್ತಿರಲಿಲ್ಲ. (ಈಗ ನಾನೂ ರಟ್ಟು ಮಾಡಿದೆನಲ್ಲ! ಸಹವಾಸದೋಷ.) ಆದರೆ ಆ ಡಾಕ್ಟರ ವಿಷಯದಲ್ಲಿ ಅವರ ತಕರಾರು ನ್ಯಾಯವೇ. ಹಿಂದೆ ಓದಿದಾಗ ನನಗೂ ಅಲ್ಲಿ ಕಲ್ಲು ಸಿಕ್ಕಂತಾಗಿತ್ತು.

"ತಗೊಳ್ಳಿ, ಟೈಮ್ ವೇಸ್ಟು" ಎಂದು ಅವರೇ ಪುಸ್ತಕ ಕೊಟ್ಟರು. ಸಂಜೆ ಬಿಡಿಸಿ ನೋಡಿದರೆ ಅಂಚಿನುದ್ದಕ್ಕೂ ಪೆನ್ಸಿಲ್ಲು. ಸಾಲದ ಅರ್ಜಿಯ ಮೇಲೆ ಷರಾ ಬರೆದ ಹಾಗೆ ದುಂಡಗಿನ ಅಕ್ಷರ. "ಗಂಡನ ಒಡಹುಟ್ಟಿದವನು. ವಕೀಲ ಬೇರೆ. ಇವನೇ." ಹತ್ತು ಪುಟ ದಾಟಿದರೆ "ಗ್ಯಾಲರಿಯವನು. ನೂರಕ್ಕೆ ನೂರು." ಮುಂದೆ "ಸೋದರತ್ತೆ!!" ಪಕ್ಕದ ಮನೆಯವಳನ್ನೂ ಬಿಟ್ಟಿಲ್ಲ. ಒಂದು ಕಡೆ ಸತ್ತ ಗಂಡನ ಹೆಸರಿಗೇ ಸುತ್ತು ಹಾಕಿ "ಬದುಕಿದ್ದಾನಾ?" ಎಂದು ಕೇಳಿದ್ದಾರೆ. ಇಷ್ಟು ಜನರ ಮೇಲೆ ಬಾಜಿ ಕಟ್ಟಿದವರಿಗೆ ಮೊದಲೇ ಗೊತ್ತಿರದೆ ಇನ್ನೇನು?

ಆದರೆ ನಿಜವಾದ ಗುಟ್ಟು ಒಡೆಯುವ ಪುಟಕ್ಕೆ ಬಂದರೆ ಅಲ್ಲಿ ಪೆನ್ಸಿಲ್ಲಿನ ಗೀರೂ ಇಲ್ಲ. ಪುಟದ ತುಂಬ ಕಾಫಿ. ತೊಟ್ಟು ಬಿದ್ದ ಕಲೆಯಲ್ಲ, ಇಡೀ ಲೋಟ ಮಗುಚಿದ್ದು. ಹಿಂದಿನ ಆರೇಳು ಹಾಳೆ ಹಪ್ಪಳದಂತೆ ಸುರುಟಿಕೊಂಡಿದ್ದವು.

ಮರುದಿನ ಬೂತಿನ ಹತ್ತಿರ ಪುಸ್ತಕ ವಾಪಸು ಕೊಡುತ್ತಾ ಆ ಹಾಳೆಗಳನ್ನೇ ತೆರೆದು ಹಿಡಿದೆ. "ಸಾರ್, ಇಲ್ಲಿ ಕಾಫಿ ಚೆಲ್ಲಿದೆಯಲ್ಲ?"

ರಾಯರು ಕನ್ನಡಕ ಹಣೆಗೇರಿಸಿದರು. "ಲೋಟಾನ ಮೇಜಿನ ತುದೀಲಿ ಇಟ್ಟು ಹೋದ್ಲು ನಮ್ಮವಳು. ಬೀಳುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು ಕಣ್ರೀ."