ಮಿಸ್ಟಾರಾ ಮೀಮಾಂಸೆ: ನಿಂತುಹೋದ ಲೋಕವೊಂದರ ಪೂರ್ವಪಕ್ಷ–ಸಿದ್ಧಾಂತ ವಿಚಾರ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇವೆ. ವಿಷಯ: ಮಿಸ್ಟಾರಾ ಎಂಬ ಇಲ್ಲದ ಲೋಕ. ಅಧಿಕಾರಿ: ನಲವತ್ತು ದಾಟಿ, ಮೊಣಕಾಲು ನೋವು ಶುರುವಾಗಿದ್ದರೂ ಇಪ್ಪತ್ತು ಮುಖದ ದಾಳವನ್ನು ಮೇಜಿನ ಡ್ರಾಯರಿನಲ್ಲಿ ಜೋಪಾನ ಮಾಡಿರುವ ಗೃಹಸ್ಥ. ಸಂಬಂಧ: ಆ ಲೋಕಕ್ಕೂ ಈ ಗೃಹಸ್ಥನಿಗೂ ಇರುವಂಥದ್ದು, ಮನೆಯವರಿಗೆ ತಿಳಿಯದಂಥದ್ದು. ಪ್ರಯೋಜನ: ಇಲ್ಲ. ಪ್ರಯೋಜನವಿಲ್ಲದ ಶಾಸ್ತ್ರದಲ್ಲಿಯೇ ವಾದಕ್ಕೆ ಕಾವು ಹೆಚ್ಚು ಎಂಬುದು ನಮ್ಮ ಮೊದಲ ಪ್ರತಿಜ್ಞೆ.

ಅರಿಯದವರಿಗಾಗಿ ಎರಡು ಮಾತು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಡಂಜನ್ ಮಾಸ್ಟರ್ ಎಂಬ ಸೂತ್ರಧಾರ ಲೋಕವನ್ನು ಬಣ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸಿ ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಫಲಿಸಿತೋ ಇಲ್ಲವೋ ಎಂಬುದು ದಾಳಕ್ಕೆ ಬಿಟ್ಟದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಈ ಆಟವನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಟಿಎಸ್‌ಆರ್ ಕಂಪನಿ 1974ರಲ್ಲಿ ಹೊರತಂದಿತು. 1981ರಲ್ಲಿ ಡೇವಿಡ್ ಕುಕ್ ಮತ್ತು ಟಾಮ್ ಮೋಲ್ಡ್‌ವೇ ಬರೆದ ‘ದಿ ಐಲ್ ಆಫ್ ಡ್ರೆಡ್’ ಎಂಬ ಸಾಹಸ ಪುಸ್ತಿಕೆಯಲ್ಲಿ ದ್ವೀಪದ ಜೊತೆಗೆ ಒಂದು ಭೂಖಂಡದ ನಕ್ಷೆಯೂ ಬಂತು. ಮೋಲ್ಡ್‌ವೇ ತನ್ನ ಗೆಳೆಯ ಲಾರೆನ್ಸ್ ಶಿಕ್ ಜೊತೆ ಆಡುತ್ತಾ ಕಟ್ಟಿಕೊಂಡಿದ್ದ ಲೋಕ ಅದು. ಅದೇ ಮುಂದೆ ಮಿಸ್ಟಾರಾ ಆಯಿತು. 1987ರಿಂದ 1991ರವರೆಗೆ ಅದರ ಒಂದೊಂದು ನಾಡಿಗೂ ಒಂದೊಂದರಂತೆ 14 ಗೆಜೆಟಿಯರುಗಳು ಬಂದವು. ಮೈಸೂರು ಗೆಜೆಟಿಯರಿನ ಧಾಟಿಯಲ್ಲೇ ನದಿ, ಪೇಟೆ, ಕಂದಾಯ, ಜನಪದ ಎಲ್ಲವೂ ಅಲ್ಲುಂಟು. ಇಲ್ಲದ ಊರುಗಳದ್ದು, ಅಷ್ಟೇ. 1997ರಲ್ಲಿ ಸಾಲದಲ್ಲಿ ಮುಳುಗಿದ್ದ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡುಕೊಂಡಿತು. ಅಷ್ಟರಲ್ಲಾಗಲೇ ಮಿಸ್ಟಾರಾದ ಪುಸ್ತಕಗಳು ನಿಂತಿದ್ದವು. ಅಂದಿನಿಂದ ಆ ಲೋಕಕ್ಕೆ ಒಡೆಯರಿದ್ದಾರೆ, ಉಳುವವರಿಲ್ಲ.

ಇನ್ನು ಪ್ರಮಾಣ ವಿಚಾರ. ಗೆಜೆಟಿಯರುಗಳು ಶ್ರುತಿ ಎಂಬುದರಲ್ಲಿ ಬಹುತೇಕರಿಗೆ ಒಮ್ಮತವಿದೆ. ಬ್ರೂಸ್ ಹರ್ಡ್ 1990ರಿಂದ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ಹಾರುವ ಹಡಗಿನ ಕಥೆ ಸ್ಮೃತಿ. ಶ್ರುತಿ–ಸ್ಮೃತಿಗಳು ಜಗಳವಾಡಿದರೆ ಶ್ರುತಿಯೇ ಹಿರಿದೆಂಬ ನಿಯಮ ನಮಗೆ ಗೊತ್ತಿರುವುದೇ. ಆದರೆ ಎರಡನ್ನೂ ಒಂದೇ ಕಚೇರಿಯಲ್ಲಿ ಕೂತವರು ಬರೆದಿರುವಾಗ ಅಪೌರುಷೇಯತ್ವದ ಮಾತು ಸ್ವಲ್ಪ ಕಷ್ಟ. 1994ರಲ್ಲಿ ಕಂಪನಿ ಈ ಲೋಕಕ್ಕೆ ಮತಾಂತರ ಮಾಡಿಸಿತು. ಹಳೆಯ ಸರಳ ನಿಯಮಗಳನ್ನು ಬಿಡಿಸಿ ‘ಅಡ್ವಾನ್ಸ್ಡ್’ ನಿಯಮಗಳ ದೀಕ್ಷೆ ಕೊಟ್ಟಿತು. ಆಗ ಬಂದ ಕಾರಮೇಕೋಸ್ ರಾಜ್ಯದ ಪೆಟ್ಟಿಗೆಯಲ್ಲಿ ಒಂದು ಆಡಿಯೋ ಸಿಡಿಯೂ ಇತ್ತು. ಬಾಗಿಲು ತೆರೆದಾಗ ಹತ್ತನೆಯದು, ಮಂತ್ರಿ ಮಾತಾಡುವಾಗ ಹನ್ನೊಂದನೆಯದು ಎಂಬಂತೆ ಸೂತ್ರಧಾರ ಆಟದ ನಡುವೆ ಎದ್ದುಹೋಗಿ ಗುಂಡಿ ಒತ್ತಬೇಕು. ತರ್ಕಶಾಸ್ತ್ರದ ಇತಿಹಾಸದಲ್ಲಿ ಶಬ್ದಪ್ರಮಾಣಕ್ಕೆ ಪ್ಲೇಯರ್ ಬೇಕಾದದ್ದು ಇದೊಂದೇ ಸಂದರ್ಭವಿರಬೇಕು. ಸಂಪ್ರದಾಯಸ್ಥರು ಈ ಸಿಡಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಕೇಳಿದವರೂ ಒಪ್ಪುವುದಿಲ್ಲ.

ಮೊದಲ ಮಹಾವಿವಾದ ಭೂಗೋಳದ್ದು. ಯ್ಲಾರುವಾಮ್ ಎಂಬುದು ಅರಬ್ ಮಾದರಿಯ ಮರಳುನಾಡು. ಅದರ ಬಡಗಣ ಗಡಿ ದಾಟಿದರೆ ಸೋಡರ್‌ಫ್ಯೋರ್ಡ್, ಅಂದರೆ ವೈಕಿಂಗರ ಹಿಮದ ನಾಡು. ಒಂಟೆ ಸೀನಿದರೆ ಹಿಮಸಾರಂಗಕ್ಕೆ ಕೇಳಿಸುವಷ್ಟು ಹತ್ತಿರ. ವಾಯುವ್ಯಕ್ಕೆ ಮಂಗೋಲರ ಹುಲ್ಲುಗಾವಲು, ತೆಂಕಣಕ್ಕೆ ಬೈಜಾಂಟಿಯಮ್ಮಿನ ಪಡಿಯಚ್ಚು. ಪೂರ್ವಪಕ್ಷಿಗಳ ಆಕ್ಷೇಪ: ಇದು ವಾಯುಗುಣಕ್ಕೆ ವಿರುದ್ಧ, ಆದ್ದರಿಂದ ಈ ಲೋಕ ಅಸತ್ಯ. ಒಂದು ಪಂಥ ಇದಕ್ಕೆ ಮಳೆನೆರಳಿನ ಸಮಾಧಾನ ಹೇಳುತ್ತದೆ: ಬೆಟ್ಟಗಳು ಮೋಡ ತಡೆಯುತ್ತವೆ, ಆಗುಂಬೆಯ ಈಚೆಗೂ ಆಚೆಗೂ ನೋಡಿರಿ. ಇನ್ನೊಂದು ಪಂಥ ಎಲ್ಲ ತಪ್ಪನ್ನೂ ‘ಇಮ್ಮಾರ್ಟಲ್ಸ್’ ಎಂಬ ಅಮರರ ತಲೆಗೆ ಕಟ್ಟುತ್ತದೆ. ಈ ಲೋಕದಲ್ಲಿ ಹುಟ್ಟಾ ದೇವರುಗಳು ಕಡಿಮೆ. ಸಾಹಸ ಮಾಡಿ, 36ನೇ ಮೆಟ್ಟಿಲಿನವರೆಗೆ ಏರಿ, ಬಡ್ತಿ ಪಡೆದು ಅಮರರಾದವರೇ ಹೆಚ್ಚು. ಬಡ್ತಿ ಪಡೆದ ಅಧಿಕಾರಿಗಳು ಕೆಲಸ ಮಾಡುವ ರೀತಿ ಬಲ್ಲವರಿಗೆ ಮರಳು ಹಿಮದ ಪಕ್ಕ ಬಂದದ್ದು ಸೋಜಿಗವಾಗದು. ಸಾಕ್ಷಿಗೆಂದು ನಕ್ಷೆ ಹರಡಿ, ಒಂದು ಷಟ್ಕೋನಕ್ಕೆ 24 ಮೈಲಿಯಂತೆ ಬೆರಳಿಟ್ಟು ಎಣಿಸುತ್ತಾರೆ. ಗೆಜೆಟಿಯರಿನ ನಕ್ಷೆಯಲ್ಲಿ ಷಟ್ಕೋನಕ್ಕೆ 8 ಮೈಲಿ. ಎರಡನ್ನೂ ಒಂದರ ಮೇಲೊಂದಿಟ್ಟು ಕರಾವಳಿ ಕೂಡಿಸಲು ಹೊರಟವರು ಇನ್ನೂ ಮರಳಿಲ್ಲ.

ನಮ್ಮ ಸಿದ್ಧಾಂತ ಬೇರೆ. ಶನಿವಾರ ರಾತ್ರಿ ಹತ್ತಕ್ಕೆ ಎಲ್ಲರೂ ಮನೆಗೆ ಹೋಗಬೇಕು. ಅಷ್ಟರೊಳಗೆ ಮರಳುಗಾಡೂ ಸಿಗಬೇಕು, ಹಿಮವೂ ಸಿಗಬೇಕು. ಹತ್ತಿರವಿರುವುದೇ ಈ ಲೋಕದ ಗುಣ, ದೋಷವಲ್ಲ.

ಎರಡನೆಯದು ಆಲ್ಫೇಷಿಯಾ ಪ್ರಕರಣ. ಮಾಂತ್ರಿಕರೇ ಆಳುವ ಈ ಸಾಮ್ರಾಜ್ಯದ ಮಹಾಸಭೆಯಲ್ಲಿ 1000 ಸದಸ್ಯರು, ಒಬ್ಬೊಬ್ಬರೂ 36ನೇ ಮೆಟ್ಟಿಲಿನ ಮಾಂತ್ರಿಕರು. ನಿಯಮದ ಪ್ರಕಾರ ಮನುಷ್ಯ ಏರಬಹುದಾದ ಕೊನೆಯ ಮೆಟ್ಟಿಲು ಅದು. ಸಾವಿರ ಮಂದಿ ಹೀಗಿದ್ದರೆ ಪಕ್ಕದ ರಾಜ್ಯಗಳನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಗೆಲ್ಲಬಹುದಿತ್ತಲ್ಲ, ಏಕೆ ಗೆಲ್ಲಲಿಲ್ಲ? ಇದಕ್ಕೆ ಉತ್ತರ ಬಹಳ ಸರಳ, ಆದರೂ ವಾದಿಗಳು ಅತ್ತ ನೋಡುವುದಿಲ್ಲ: ಸಾವಿರ ಸರ್ವಜ್ಞರನ್ನು ಒಂದೇ ಸಭೆಯಲ್ಲಿ ಕೂರಿಸಿದರೆ ಹಿಂದಿನ ಸಭೆಯ ನಡಾವಳಿ ಅಂಗೀಕಾರವಾಗುವುದೇ ಕಷ್ಟ.

ಆದರೆ 1992ರಲ್ಲಿ ಬಂದ ‘ರ‍್ಯಾತ್ ಆಫ್ ದಿ ಇಮ್ಮಾರ್ಟಲ್ಸ್’ ಎಂಬ ಪೆಟ್ಟಿಗೆಯಲ್ಲಿ ಕಂಪನಿ ಈ ಆಲ್ಫೇಷಿಯಾವನ್ನೇ ಸಮುದ್ರದಲ್ಲಿ ಮುಳುಗಿಸಿಬಿಟ್ಟಿತು. ಖಂಡಕ್ಕೆ ಖಂಡವೇ ಹೋಯಿತು. ಮೂರು ವರ್ಷ ಹಿಂದೆಯಷ್ಟೇ ದುಡ್ಡು ಕೊಟ್ಟು ಆ ಸಾಮ್ರಾಜ್ಯದ ವಿವರದ ಪೆಟ್ಟಿಗೆ ಕೊಂಡವರ ಗತಿ ಊಹಿಸಿರಿ. ಅಂದು ಒಡೆದ ಎರಡು ಮತಗಳು ಇಂದಿಗೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ. ಪ್ರಳಯಪೂರ್ವ ಮತದವರು ಪ್ರಳಯ ನಡೆದೇ ಇಲ್ಲ ಎನ್ನುತ್ತಾರೆ. ಪ್ರಳಯೋತ್ತರ ಮತದವರು ಅದು ನಡೆದದ್ದರಿಂದಲೇ ಕಥೆಗೆ ಕಳೆ ಬಂತು ಎನ್ನುತ್ತಾರೆ. ನಾವು ಪೂರ್ವಮತದವರು. ಪ್ರಬಂಧಕಾರನಿಗೆ ತಟಸ್ಥನಾಗಿರಬೇಕೆಂಬ ನಿಯಮವಿದ್ದರೆ ಅದನ್ನು ಈ ಪ್ಯಾರಾಕ್ಕೆ ಅನ್ವಯಿಸಬಾರದು.

ಪಂಚಾಂಗದ ವಿಷಯ. ಮಿಸ್ಟಾರಾದ ವರ್ಷಕ್ಕೆ 28 ದಿನಗಳ 12 ತಿಂಗಳು, ಒಟ್ಟು 336 ದಿನ. ಅಧಿಕ ಮಾಸವಿಲ್ಲ, ತಿಥಿಕ್ಷಯವಿಲ್ಲ, ದೃಕ್–ವಾಕ್ಯ ಗಣಿತದ ಜಗಳವಿಲ್ಲ. ಕಂಪನಿ 1992ರಿಂದ ವರ್ಷಕ್ಕೊಂದರಂತೆ ಆ ಲೋಕದ ಪಂಚಾಂಗವನ್ನೇ ಅಚ್ಚು ಹಾಕಿತು: ಯಾವ ರಾಜ ಯಾವ ತಿಂಗಳು ಸಾಯುತ್ತಾನೆ, ಎಲ್ಲಿ ದಂಗೆ, ಎಲ್ಲಿ ಮದುವೆ. ಆ ಲೋಕದ 1013ನೇ ಇಸವಿಗೆ ಬಂದು ಮುದ್ರಣ ನಿಂತಿತು. ಅಭಿಮಾನಿಗಳು ಮುಂದಿನ ವರ್ಷಗಳ ಪಂಚಾಂಗವನ್ನು ತಾವೇ ಬರೆದುಕೊಂಡರು. 2013ರಿಂದ ‘ತ್ರೆಶೋಲ್ಡ್’ ಎಂಬ ಪತ್ರಿಕೆಯನ್ನು ಉಚಿತವಾಗಿ ಹೊರಡಿಸುತ್ತಿರುವವರೂ ಅವರೇ. ಕಂಪನಿ ಬದುಕಿದ್ದಾಗ ಖಂಡ ಮುಳುಗಿತು. ಕಂಪನಿ ಕೈಬಿಟ್ಟ ಮೇಲೆ ರಾಜರು ಸಕಾಲಕ್ಕೆ ಸಾಯುತ್ತಿದ್ದಾರೆ, ಬೆಳೆ ಬರುತ್ತಿದೆ. ನಿಂತುಹೋದದ್ದೇ ಈ ಲೋಕದ ಪರಮ ಗುಣ ಎಂಬ ನಮ್ಮ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಂದು ನಷ್ಟವನ್ನು ಮಾತ್ರ ದಾಖಲಿಸಬೇಕು: 2006ರಲ್ಲಿ ಶುರುವಾದ ‘ಸ್ಯಾವೇಜ್ ಟೈಡ್’ ಎಂಬ ಸಾಹಸಮಾಲೆಯಲ್ಲಿ ಡ್ರೆಡ್ ದ್ವೀಪವನ್ನು ಗ್ರೇಹಾಕ್ ಎಂಬ ಪಕ್ಕದ ಲೋಕದ ನಕ್ಷೆಗೆ ಎತ್ತಿಕೊಂಡು ಹೋದರು. ಗಡಿವಿವಾದ ನಮಗೆ ಹೊಸದಲ್ಲವಾದರೂ ದ್ವೀಪವನ್ನೇ ಹೊತ್ತೊಯ್ದದ್ದು ಹೊಸದು.

ಭೂಮಿಯ ಒಳಗೆ ಟೊಳ್ಳು, ಆ ಟೊಳ್ಳಿನ ನಡುವೆ ಕೆಂಪು ಸೂರ್ಯ, ಅವನು ಮುಳುಗುವುದೇ ಇಲ್ಲ ಎಂದು 1990ರ ‘ಹಾಲೋ ವರ್ಲ್ಡ್’ ಹೇಳುತ್ತದೆ. ಅಳಿದ ನಾಗರಿಕತೆಗಳನ್ನೆಲ್ಲ ಅಮರರು ಅಲ್ಲಿ ತಂದಿರಿಸಿ, ಯಾವ ಆಚಾರವೂ ಬದಲಾಗದಂತೆ ಮಂತ್ರ ಹಾಕಿದ್ದಾರೆ. ಸದಾ ನಡುಮಧ್ಯಾಹ್ನವಿರುವ ನಾಡಿನಲ್ಲಿ ಸಂಧ್ಯಾವಂದನೆ ಯಾವಾಗ ಎಂಬ ಪ್ರಶ್ನೆಯನ್ನು ಅಲ್ಲಿನ ಯಾವ ಗ್ರಂಥವೂ ಎತ್ತಿಲ್ಲ. ಇದು ಮುಂದಿನ ಸಂಶೋಧಕರಿಗೆ.

ನಮ್ಮವರಿಗೂ ಅಲ್ಲಿ ಜಾಗವುಂಟು. ನಕ್ಷೆಯ ಪಡುವಣ ಅಂಚಿನಲ್ಲಿ ಸಿಂಧ್ ಎಂಬ ನಾಡು, ಪಕ್ಕದಲ್ಲೇ ಬೆಂಗಾಡು. ರಾಜರಿದ್ದಾರೆ, ಆನೆಗಳಿವೆ, ಬಿಸಿಲಿದೆ. ಬೇರೆ ನಾಡುಗಳಿಗೆ ಇಡೀ ಗೆಜೆಟಿಯರ್ ಸಿಕ್ಕರೆ ಸಿಂಧಿಗೆ ಸಿಕ್ಕದ್ದು ಹರ್ಡ್‌ನ ಧಾರಾವಾಹಿ ಮತ್ತು ಅದನ್ನು ಆಧರಿಸಿದ 1993ರ ಪೆಟ್ಟಿಗೆಯಲ್ಲಿ ಒಂದಿಷ್ಟು ಪುಟ. ಆ ಪುಟಗಳಲ್ಲೂ ಜಾತಿ ವ್ಯವಸ್ಥೆಯನ್ನು ಮಾತ್ರ ಮರೆಯದೆ ಸೇರಿಸಿದ್ದಾರೆ. ಡ್ರ್ಯಾಗನ್ನುಗಳು ಬೆಂಕಿ ಉಗುಳುವ ಲೋಕದಲ್ಲಿಯೂ ನಮ್ಮನ್ನು ಕಲ್ಪಿಸಿಕೊಳ್ಳಲು ವಿಸ್ಕಾನ್ಸಿನ್ನಿನವರಿಗೆ ಅದೊಂದು ಆಧಾರ ಬೇಕಾಯಿತು. ಈ ವಿಷಯದಲ್ಲಿ ಅಣಕಿಸುವುದಕ್ಕೆ ನಮ್ಮ ಪಾಲಿಗೆ ಹೆಚ್ಚೇನೂ ಉಳಿದಿಲ್ಲ.

ಕೊನೆಯದಾಗಿ ಅಲೀನಾ ಪ್ರಕರಣ. ಆಟ ಹೊಸದಾಗಿ ಕಲಿಯುವವರಿಗೆಂದು ಬಂದ 1983ರ ಕೆಂಪು ಪೆಟ್ಟಿಗೆಯನ್ನು ಫ್ರಾಂಕ್ ಮೆಂಟ್ಜರ್ ಸಿದ್ಧಪಡಿಸಿದ. ಅದರ ಮೊದಲ ಪುಸ್ತಕ ತೆರೆದ ಹುಡುಗ ಒಬ್ಬನೇ ಕೂತು ಆಡುತ್ತಾನೆ. ಗುಹೆಯಲ್ಲಿ ಅಲೀನಾ ಎಂಬ ಪೂಜಾರಿಣಿ ಸಿಗುತ್ತಾಳೆ, ಪಕ್ಕದಲ್ಲಿ ಕೂರಿಸಿಕೊಂಡು ಆಟ ಹೇಳಿಕೊಡುತ್ತಾಳೆ, ಗಾಯ ವಾಸಿ ಮಾಡುತ್ತಾಳೆ. ಕೆಲವೇ ಪುಟಗಳಾದ ಮೇಲೆ ಬಾರ್ಗಲ್ ಎಂಬ ಮಾಂತ್ರಿಕ ಗಾಳಿಯಲ್ಲಿ ಹೊಳೆಯುವ ಬಾಣವೊಂದನ್ನು ಮೂಡಿಸಿ ಅವಳನ್ನು ಕೊಲ್ಲುತ್ತಾನೆ. ಹುಡುಗ ತನ್ನನ್ನು ಉಳಿಸಿಕೊಳ್ಳಲು ದಾಳ ಹಾಕಬಹುದು, ಅವಳಿಗಾಗಿ ಹಾಕುವಂತಿಲ್ಲ. ಎಲ್ಲವನ್ನೂ ದಾಳಕ್ಕೆ ಬಿಡುವ ಆಟದ ಮೊದಲ ಪಾಠದಲ್ಲಿ ಆ ಒಂದು ಸಾವಿಗೆ ದಾಳವಿಲ್ಲ. ಅಂದಿನ ಹುಡುಗರು ಈಗ ತಲೆ ನರೆತವರು. ಅವರು ಹೂಡುವ ವಾದಗಳು ಹಲವು: ಸತ್ತವರನ್ನು ಎಬ್ಬಿಸುವ ಮಂತ್ರ ಆ ಊರಿನಲ್ಲಿ ಯಾರಿಗೂ ಬರುತ್ತಿರಲಿಲ್ಲವೆ? ಬಾರ್ಗಲ್ ಯಾರದೋ ಅಪ್ಪಣೆಯಂತೆ ನಡೆದ ಬರಿಯ ಉಪಕರಣವಲ್ಲವೆ? 1987ರ ಗೆಜೆಟಿಯರಿನಲ್ಲಿ ಅವನು ದುಷ್ಟ ಬ್ಯಾರನ್ ಒಬ್ಬನ ಆಶ್ರಯದಲ್ಲಿ ಹಾಯಾಗಿದ್ದಾನೆ. ಹಾಗಾದರೆ ಹುಡುಗರು ಅವನನ್ನು ಆಗಲೇ ಕೊಂದದ್ದು ಅಸಿಂಧುವೆ?

ಉಭಯಪಕ್ಷಗಳ ವಾದ ಆಲಿಸಿ ನೀಡುವ ತೀರ್ಪು: ಭೂಗೋಳ, ಪಂಚಾಂಗ, ಪ್ರಳಯಗಳ ವಿಷಯದಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ಸಿಡಿ ಅಪ್ರಮಾಣ. ಬಾರ್ಗಲ್ ತಪ್ಪಿತಸ್ಥ. ಅವನನ್ನು ಯಾವ ಮೇಜಿನಲ್ಲಿ, ಯಾವ ನಿಯಮಾವಳಿಯ ಪ್ರಕಾರ, ಎಷ್ಟು ಸಲ ಕೊಂದರೂ ಅದು ಸಿಂಧು. ಮೇಲ್ಮನವಿಗೆ ಅವಕಾಶವಿಲ್ಲ.